ವರ್ತನೆಯ ಲೆಕ್ಕವೂ ‘ನಾಳೆ ಬಾ’ ಎಂಬ ಬರಹವೂ

ಗಿಗ್ ಕಾರ್ಮಿಕರ ಕಾಯ್ದೆ, 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು, ಕಲ್ಯಾಣ ಶುಲ್ಕ ಶೇಕಡಾ ಒಂದಿರಬೇಕೋ ಐದಿರಬೇಕೋ ಎಂಬ ವಾದ, ಇವುಗಳಲ್ಲೇ ಸುತ್ತಿದ ರಾಜಧಾನಿಯ ಚರ್ಚೆಯಲ್ಲಿ, ಯಾವ ಆ್ಯಪಿನ ಹಂಗೂ ಇಲ್ಲದೆ ತಾವೇ ಗಿರಾಕಿಯನ್ನು ಹುಡುಕಿ, ತಾವೇ ಬಿಲ್ ಬರೆದು, ತಾವೇ ಹಣ ವಸೂಲು ಮಾಡಬೇಕಾದವರ ಸುದ್ದಿ ಎಂದಿನಂತೆ ಬರಲೇ ಇಲ್ಲ. ಇಂಥವರಲ್ಲಿ ವರ್ಚುವಲ್ ಅಸಿಸ್ಟೆಂಟ್ ಎನಿಸಿಕೊಳ್ಳುವವರೂ ಸೇರುತ್ತಾರೆ. ಅಂದರೆ, ಮನೆಯ ಕಂಪ್ಯೂಟರಿನ ಮುಂದೆ ಕೂತು ಎಲ್ಲಿಯೋ ಇರುವ ಇನ್ನೊಬ್ಬರ ಇಮೇಲ್, ಭೇಟಿಯ ವೇಳಾಪಟ್ಟಿ, ಪ್ರಯಾಣದ ಟಿಕೆಟ್ಟು, ಖರ್ಚಿನ ಲೆಕ್ಕಗಳನ್ನು ನೋಡಿಕೊಳ್ಳುವ ಸಹಾಯಕರು. ರಾಮಾಂಜನೇಯ ಗುಡ್ಡದ ಸುತ್ತಲಿನ ಅಡ್ಡರಸ್ತೆಗಳಲ್ಲಿ, ಹನುಮಂತನಗರದ ಯಾವುದೋ ಮನೆಯ ಮೊದಲ ಮಹಡಿಯಲ್ಲಿ ಇಂಥ ಕಚೇರಿಯೊಂದು ನಡೆಯುತ್ತಿದ್ದರೆ ಕೆಳಗಿನ ಮನೆಯವರಿಗೂ ಅದು ತಿಳಿಯುವುದಿಲ್ಲ.

ಈ ಕಸುಬಿನ ತವರುಗಳಲ್ಲಿ ಬೆಂಗಳೂರೂ ಒಂದು. ರಾಜ್ಯದ ಮಾಹಿತಿ ತಂತ್ರಜ್ಞಾನ ಕಾರ್ಯದರ್ಶಿಯಾಗಿದ್ದ ವಿವೇಕ್ ಕುಲಕರ್ಣಿಯವರು ಕಟ್ಟಿದ ಬ್ರಿಕ್‌ವರ್ಕ್ ಸಂಸ್ಥೆಯ ಸಹಾಯಕಿಯೊಬ್ಬರಿಗೆ ಅಮೆರಿಕದ ಲೇಖಕ ಎ.ಜೆ. ಜೇಕಬ್ಸ್ ತಮ್ಮ ದಿನಗೆಲಸಗಳನ್ನು ಒಪ್ಪಿಸಿ, ಆ ಅನುಭವವನ್ನು 2005ರಲ್ಲಿ ‘ಎಸ್ಕ್ವೈರ್’ ಪತ್ರಿಕೆಯಲ್ಲಿ ಬರೆದರು; ಅದನ್ನು ಟಿಮ್ ಫೆರಿಸ್ 2007ರಲ್ಲಿ ‘ದಿ ಫೋರ್ ಅವರ್ ವರ್ಕ್‌ವೀಕ್’ ಪುಸ್ತಕಕ್ಕೆ ಸೇರಿಸಿಕೊಂಡರು. ವಾರಕ್ಕೆ ನಾಲ್ಕೇ ಗಂಟೆ ದುಡಿಯುವ ಕನಸು ಕಂಡವರ ಉಳಿದ ಗಂಟೆಗಳನ್ನು ಬೆಂಗಳೂರಿನವರು ದುಡಿದುಕೊಟ್ಟರೆಂಬುದು ಆ ಕಥೆಯ ಇನ್ನೊಂದು ಮಗ್ಗುಲು. ಸಂಸ್ಥೆಯಲ್ಲಿದ್ದವರಿಗೆ ತಿಂಗಳ ಸಂಬಳವಿತ್ತು, ಬಿಡಿಯಾಗಿ ದುಡಿಯುವವರಿಗೆ ಬಿಲ್ಲೇ ಗತಿ.

ಈ ಬಿಲ್ಲಿಗೆ, ಅಂದರೆ ಇನ್‌ವಾಯ್ಸಿಗೆ, ನಿಘಂಟಿನಲ್ಲಿ ಸಿಗುವ ‘ಸರಕುಪಟ್ಟಿ’ ಎಂಬ ಪದ ಸರಕೇ ಇಲ್ಲದ ಈ ಕೆಲಸಕ್ಕೆ ಹೊಂದುವುದಿಲ್ಲ. ಪದ ಹೊಂದದಿದ್ದರೂ ಕಾನೂನು ಮಾತ್ರ ಬಿಗಿಯಾಗಿ ಹೊಂದಿಕೊಂಡಿದೆ. ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟುವ ತನಕ ಸೇವೆ ಒದಗಿಸುವವರಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲವಾದರೂ, ಆ ಸಂಖ್ಯೆ ಇಲ್ಲದ ಬಿಲ್ಲನ್ನು ಮೂಸಿಯೂ ನೋಡದ ಲೆಕ್ಕದ ವಿಭಾಗಗಳಿರುವುದರಿಂದ, ಕೆಲವರು ಆ ಮಿತಿಗೆ ಬಹಳ ಮೊದಲೇ ನೋಂದಾಯಿಸಿಕೊಳ್ಳುತ್ತಾರೆ. ಹಾಗೆ ನೋಂದಾಯಿಸಿಕೊಂಡವರ ತೆರಿಗೆಯ ಹೊಣೆ ಹಣ ಕೈಗೆ ಬಂದ ದಿನ ಹುಟ್ಟುವುದಿಲ್ಲ; ಬಿಲ್ಲಿನ ದಿನ, ಹಣ ಬಂದ ದಿನ, ಇವೆರಡರಲ್ಲಿ ಯಾವುದು ಮೊದಲೋ ಆ ದಿನ ಹುಟ್ಟುತ್ತದೆ. 30,000 ರೂಪಾಯಿಯ ಬಿಲ್ ಬರೆದವರು ಶೇಕಡಾ 18ರ ಲೆಕ್ಕದಲ್ಲಿ 5,400 ರೂಪಾಯಿಯನ್ನು ಸಾಮಾನ್ಯವಾಗಿ ಮರುತಿಂಗಳ 20ನೇ ತಾರೀಖಿನೊಳಗೆ, ಒಂದು ರೂಪಾಯಿಯೂ ಬಾರದಿದ್ದರೆ ಸ್ವಂತ ಕೈಯಿಂದ ಕಟ್ಟಬೇಕು, ತಡವಾದರೆ ವರ್ಷಕ್ಕೆ ಶೇಕಡಾ 18ರ ಬಡ್ಡಿಯನ್ನೂ ಕೊಡಬೇಕು. ಆದರೆ ಗಿರಾಕಿ ಕಂಪನಿಯು ಅದೇ ಬಿಲ್ಲನ್ನು ತೋರಿಸಿ ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಯ ಮೇಲಿನ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳುವ ಸೌಲಭ್ಯವನ್ನು, ಪಡೆದುಕೊಂಡು 180 ದಿನ ಹಣ ಕೊಡದೆ ಕೂತರೂ ಜಿಎಸ್‌ಟಿ ಕಾಯ್ದೆ ಅದನ್ನು ಕೇಳುವುದಿಲ್ಲ. ಸರಕಾರಕ್ಕೆ ಸಲ್ಲಬೇಕಾದ್ದಕ್ಕೆ ತಾರೀಖಿದೆ, ಸರಕಾರ ಕೊಟ್ಟ ರಿಯಾಯಿತಿಗೆ ಆರು ತಿಂಗಳ ಉದಾರತೆಯಿದೆ, ನಡುವೆ ದುಡಿದವರಿಗೆ ‘ಪ್ರೋಸೆಸ್‌ನಲ್ಲಿದೆ’ ಎಂಬ ಇಮೇಲ್ ಇದೆ.

ದಕ್ಷಿಣ ಬೆಂಗಳೂರಿನ ಹಳೆಯ ಮನೆಗಳು ಇದಕ್ಕಿಂತ ನೇರವಾದ ಪದ್ಧತಿಯೊಂದನ್ನು ಬಲ್ಲವು. ವರ್ತನೆ ಎಂದರೆ ನಡತೆ ಎಂಬ ಅರ್ಥ ಎಲ್ಲರಿಗೂ ಗೊತ್ತು. ಆದರೆ ಹಾಲಿನವನೂ ಹೂವಾಡಗಿತ್ತಿಯೂ ಪೇಪರಿನ ಹುಡುಗನೂ ದಿನವೂ ತಪ್ಪದೆ ತಂದುಕೊಟ್ಟು, ತಿಂಗಳಿಗೊಮ್ಮೆ ಒಟ್ಟಾಗಿ ಹಣ ಪಡೆಯುವ ಕಟ್ಟುಪಾಡಿಗೂ ಅದೇ ಹೆಸರಿತ್ತು. ಅದರ ದಾಖಲೆ ಅಡುಗೆಮನೆಯ ಗೋಡೆಯ ಕ್ಯಾಲೆಂಡರು: ಹಾಲು ಬಾರದ ದಿನಕ್ಕೊಂದು ಸೊನ್ನೆ, ಹಬ್ಬಕ್ಕೆ ಹೆಚ್ಚಿಗೆ ತಂದ ಎರಡು ಮೊಳ ಹೂವಿಗೊಂದು ಗೀಟು. ಚೌಕಾಸಿಗೆ ಆ ಮನೆಗಳ ಗೃಹಿಣಿಯರು ಹೆಸರಾದವರೇ, ಸೊನ್ನೆಯೊಂದು ಹೆಚ್ಚಿತೋ ಕಡಿಮೆಯಾಯಿತೋ ಎಂಬ ಜಗಳ ಬಾಗಿಲಲ್ಲೇ ನಡೆಯುತ್ತಿತ್ತು. ಆದರೂ ಹೂವಾಡಗಿತ್ತಿಯಿಂದ ವೆಂಡರ್ ನೋಂದಣಿ ಅರ್ಜಿ ತುಂಬಿಸಿಕೊಂಡ ಮನೆಯಾಗಲಿ, ಪರ್ಚೇಸ್ ಆರ್ಡರ್ ಸಂಖ್ಯೆ ನಮೂದಿಸಿಲ್ಲವೆಂದು ಅವಳ ಲೆಕ್ಕವನ್ನು ಹಿಂದಿರುಗಿಸಿದ ಮನೆಯಾಗಲಿ ಹನುಮಂತನಗರದಲ್ಲಿ ಇದ್ದಿರಲಾರದು. ಇಂದು ರಿಟೇನರ್ ಎಂಬ ಹೆಸರಿನಲ್ಲಿ, ತಿಂಗಳಿಗೆ ಇಷ್ಟು ಗಂಟೆ ಎಂದು ಒಪ್ಪಿಕೊಂಡು ನಡೆಯುವ ಸಹಾಯಕರ ಕೆಲಸ ವರ್ತನೆಯಲ್ಲದೆ ಬೇರೇನೂ ಅಲ್ಲ. ಪದ ಇಂಗ್ಲಿಷಿಗೆ ಹೋದಾಗ ಹಣ ಕೈಗೆ ಬರುವ ಒಂದನೇ ತಾರೀಖೂ ಅದರ ಜೊತೆಗೇ ಕಾಣೆಯಾಯಿತು.

ಕಾನೂನಿಲ್ಲ ಎನ್ನುವಂತೆಯೂ ಇಲ್ಲ. 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಉದ್ಯಮ್ ನೋಂದಣಿಯುಳ್ಳ ಕಿರು ಮತ್ತು ಸಣ್ಣ ಉದ್ದಿಮೆಗಳಿಗೆ, ಬರಹದ ಒಪ್ಪಂದವಿದ್ದರೂ 45 ದಿನಕ್ಕೆ ಮೀರದಂತೆ, ಇಲ್ಲದಿದ್ದರೆ 15 ದಿನದೊಳಗೆ ಹಣ ಸಲ್ಲಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಒಬ್ಬರೇ ನಡೆಸುವ ಸೇವೆಗೂ ಈ ನೋಂದಣಿ ಸಿಗುತ್ತದೆ. ದೂರು ಕೊಡಲೆಂದು 2017ರಲ್ಲಿ ಸಮಾಧಾನ್ ಎಂಬ ಜಾಲತಾಣವೂ ಬಂತು. ಹೆಸರಿಟ್ಟವರಿಗೆ ಹಾಸ್ಯಪ್ರಜ್ಞೆ ಇತ್ತೆಂದು ತೋರುತ್ತದೆ. ತಿಂಗಳ ಗಳಿಕೆಯ ಅರ್ಧವನ್ನು ಕೊಡುವ ಗಿರಾಕಿಯ ಮೇಲೆ ದೂರು ಕೊಟ್ಟವರು ಆ ಬಾಕಿಯನ್ನು ಪಡೆದಾರು, ಆದರೆ ಮುಂದಿನ ತಿಂಗಳ ಕೆಲಸವನ್ನು ಪಡೆಯಲಾರರು ಎಂಬ ಸರಳ ಸಂಗತಿ ಮಾತ್ರ ಕಾಯ್ದೆಯ ಯಾವ ಸೆಕ್ಷನ್ನಿನಲ್ಲೂ ಇಲ್ಲ.

ಹೊರದೇಶದ ಗಿರಾಕಿಯಾದರೆ ಈ ಆಸರೆಯೂ ತಪ್ಪುತ್ತದೆ. ರಫ್ತಾದ ಸೇವೆಗೆ ತೆರಿಗೆಯಿಲ್ಲದಂತೆ ಬಿಲ್ ಬರೆಯಲು ನೋಂದಾಯಿತರು ಪ್ರತಿ ಹಣಕಾಸು ವರ್ಷವೂ ಲೆಟರ್ ಆಫ್ ಅಂಡರ್‌ಟೇಕಿಂಗ್ ಎಂಬ ಮುಚ್ಚಳಿಕೆಯನ್ನು ಸಲ್ಲಿಸಬೇಕು. ಆಮೇಲೆ ಹಣ ಬಂದರೆ ಬಂತು. ನ್ಯೂಯಾರ್ಕ್ ನಗರವು 2017ರಲ್ಲೇ ಫ್ರೀಲಾನ್ಸರುಗಳಿಗಾಗಿ ಪ್ರತ್ಯೇಕ ಕಾನೂನು ಜಾರಿಗೊಳಿಸಿ, ತಾರೀಖು ಗೊತ್ತುಪಡಿಸದ ಒಪ್ಪಂದಗಳಲ್ಲಿ ಕೆಲಸ ಮುಗಿದ 30 ದಿನದೊಳಗೆ ಹಣ ಕೊಡಬೇಕೆಂದಿತು, ದೂರು ಕೊಟ್ಟವರ ಮೇಲೆ ಸೇಡು ತೀರಿಸಿಕೊಳ್ಳುವುದನ್ನೂ ನಿಷೇಧಿಸಿತು. ಇಂಥವರ ದುಡಿಮೆಯಿಂದ ಹೆಸರು ಮಾಡಿದ ಬೆಂಗಳೂರಿನಲ್ಲಿ ಆ ಮಾತೇ ಎದ್ದಿಲ್ಲ.

1990ರ ದಶಕದಲ್ಲಿ, ರಾತ್ರಿ ಬಂದು ಹೆಸರು ಹಿಡಿದು ಕೂಗುವ ದೆವ್ವವೊಂದರ ವದಂತಿ ಹಬ್ಬಿ, ಈ ನಗರದ ಮನೆಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆಯಲಾಗಿತ್ತು. ದೆವ್ವವು ಅದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ ಎಂಬುದು ಆಗಿನ ನಂಬಿಕೆ. ಬಣ್ಣ ಬಳಿದ ಮೇಲೆ ಬಾಗಿಲುಗಳಿಂದ ಮರೆಯಾದ ಆ ಬರಹ ಇಂದು ಕಂಪನಿಗಳ ಲೆಕ್ಕದ ವಿಭಾಗಗಳಲ್ಲಿ ಸುಖವಾಗಿದೆ. ಪಾಪ, ಆ ದೆವ್ವಕ್ಕೆ 20ನೇ ತಾರೀಖಿನೊಳಗೆ ಜಿಎಸ್‌ಟಿ ಕಟ್ಟುವ ತಾಪತ್ರಯವಾದರೂ ಇರಲಿಲ್ಲ.