ಐದನೆಯ ತರಗತಿಯ ಹೊಸ್ತಿಲು

ಸುಳ್ಯದಿಂದ ಬಂದಡ್ಕದತ್ತ ಹೋಗುವ ದಾರಿಯಲ್ಲಿ, ಕೇರಳದ ಗಡಿಗೆ ಒತ್ತಿಕೊಂಡಂತೆ ಆಲೆಟ್ಟಿ ಗ್ರಾಮವಿದೆ. ಅಡಿಕೆಯ ತೋಟಗಳು, ರಬ್ಬರಿನ ತೋಪುಗಳು, ಅವುಗಳ ನಡುವೆ ಒಂದರಿಂದೊಂದು ದೂರವಾದ ಮನೆಗಳು. ಇಂತಹ ಊರಿನ ಸರಕಾರಿ ಶಾಲೆಯ ಜಗಲಿಯಲ್ಲಿ ಐದನೆಯ ತರಗತಿಯ ಮಕ್ಕಳ ತಂದೆತಾಯಿಗಳು ಸೇರಿದರೆಂದರೆ, ಮಾತು ಬಹುಬೇಗ ನವೋದಯ ಪರೀಕ್ಷೆಗೆ ಬಂದು ನಿಲ್ಲುವುದುಂಟು. ಅದಕ್ಕಾಗಿ ಸಂಜೆ ನಡೆಸುವ ವಿಶೇಷ ತರಗತಿಯಲ್ಲಿ ಯಾರನ್ನು ಕೂರಿಸಬೇಕು, ಯಾರನ್ನು ಮನೆಗೆ ಕಳುಹಿಸಬೇಕು?

“ಚುರುಕಾದ ನಾಲ್ಕು ಮಕ್ಕಳನ್ನು ಆರಿಸಿಕೊಳ್ಳಿ ಟೀಚರೇ. ಎಲ್ಲರನ್ನೂ ಸೇರಿಸಿದರೆ ಒಬ್ಬರೂ ದಡ ಮುಟ್ಟುವುದಿಲ್ಲ” ಎನ್ನುತ್ತಾನೆ ಒಬ್ಬ ತಂದೆ.

“ನನ್ನ ಮಗಳು ಚುರುಕಲ್ಲವೆಂದು ಯಾರು ಹೇಳಿದರು? ಅವಳಿಗೆ ಮನೆಯಲ್ಲಿ ಹೇಳಿಕೊಡುವವರಿಲ್ಲ, ಅಷ್ಟೇ” ಎನ್ನುತ್ತಾಳೆ ಹಿಂದೆ ನಿಂತ ತಾಯಿ.

ಎರಡು ಮಾತೂ ಸುಳ್ಳಲ್ಲ. ಆದುದರಿಂದಲೇ ಈ ಚರ್ಚೆ ಸುಲಭವಾಗಿ ಮುಗಿಯುವಂತಹದಲ್ಲ.

ಜವಾಹರ ನವೋದಯ ವಿದ್ಯಾಲಯಗಳು 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲ. ಮನೆಯಲ್ಲಿ ಹಣವಿರಲಿ ಇಲ್ಲದಿರಲಿ, ಹಳ್ಳಿಯ ಪ್ರತಿಭಾವಂತ ಮಗುವಿಗೆ ಉತ್ತಮ ವಿದ್ಯೆ ದೊರೆಯಲೆಂಬುದು ಅವುಗಳ ಉದ್ದೇಶ. ದಕ್ಷಿಣ ಕನ್ನಡ ಜಿಲ್ಲೆಯ ವಿದ್ಯಾಲಯವಿರುವುದು ಮುಡಿಪಿನಲ್ಲಿ. ಆರನೆಯ ತರಗತಿಗೆ ಹೆಚ್ಚೆಂದರೆ 80 ಮಕ್ಕಳಿಗೆ ಪ್ರವೇಶ. ಅದರಲ್ಲಿ ಶೇಕಡಾ 75ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳು ಗ್ರಾಮೀಣರಿಗೆ, ಮೂರರಲ್ಲೊಂದು ಪಾಲು ಹೆಣ್ಣುಮಕ್ಕಳಿಗೆ. ಊಟ, ವಸತಿ, ಪುಸ್ತಕ, ಸಮವಸ್ತ್ರ ಎಲ್ಲವೂ ಉಚಿತ. ಪರೀಕ್ಷೆ ಎರಡು ಗಂಟೆಗಳದು. 80 ಪ್ರಶ್ನೆ, 100 ಅಂಕ. ಆರನೆಯ ತರಗತಿಯ ಈ ಪರೀಕ್ಷೆಗೆ ಒಮ್ಮೆ ಕುಳಿತ ಮಗು ಎರಡನೆಯ ಸಲ ಕೂರುವಂತಿಲ್ಲ. ಇಡೀ ಜಿಲ್ಲೆಗೆ 80 ಸ್ಥಾನವೆಂದ ಮೇಲೆ ತಂದೆತಾಯಿಗಳ ಎದೆ ಬಡಿದುಕೊಳ್ಳುವುದರಲ್ಲಿ ಆಶ್ಚರ್ಯವೇನಿದೆ?

ಆ ತಂದೆಯನ್ನು ಸ್ವಾರ್ಥಿಯೆಂದು ಜರೆಯುವುದು ಸುಲಭ, ನ್ಯಾಯವಲ್ಲ. ಸುಳ್ಯ ತಾಲೂಕಿನ ಅಡಿಕೆ ತೋಟಗಳಿಗೆ ಹಳದಿ ಎಲೆ ರೋಗ ತಗುಲಿ ವರ್ಷಗಳೇ ಸಂದಿವೆ. ಅಜ್ಜ ನೆಟ್ಟ ತೋಟ ಮೊಮ್ಮಗನನ್ನು ಸಾಕುವುದೆಂಬ ಧೈರ್ಯ ಅನೇಕ ಮನೆಗಳಲ್ಲಿ ಉಳಿದಿಲ್ಲ. ಪಟ್ಟಣದ ಖಾಸಗಿ ಶಾಲೆಯ ಶುಲ್ಕಕ್ಕೆ ಕೈಸಾಲದು. ಹೀಗಿರುವಾಗ ಸರಕಾರಿ ಶಾಲೆಯೇ ತನ್ನ ಮಗನ ಬುದ್ಧಿಗೆ ತಕ್ಕ ಪಾಠ ಕೊಡಲೆಂದು ಆತ ಕೇಳಿದರೆ ತಪ್ಪೇನು? ಲೆಕ್ಕವನ್ನು ಮೊದಲೇ ಮುಗಿಸಿ ಕಿಟಕಿಯಾಚೆ ನೋಡುತ್ತ ಕೂರುವ ಮಗುವಿಗೂ ಶಾಲೆ ಋಣಿಯೇ.

ಇನ್ನು ತಾಯಿಯ ಮಾತು. ಈ ಭಾಗದ ಒಂದೇ ತರಗತಿಯಲ್ಲಿ ಅರೆಭಾಷೆ, ತುಳು, ಮಲಯಾಳ, ತಮಿಳು ಮನೆಮಾತಿನ ಮಕ್ಕಳು ಜೊತೆಯಾಗಿ ಕೂರುತ್ತಾರೆ. 1964ರ ಭಾರತ–ಶ್ರೀಲಂಕಾ ಒಪ್ಪಂದದಂತೆ ಮರಳಿ ಬಂದ ತಮಿಳು ಕುಟುಂಬಗಳಿಗೆ ಸುಳ್ಯದ ಸರಕಾರಿ ರಬ್ಬರ್ ತೋಟಗಳಲ್ಲಿ ಕೆಲಸ ದೊರೆಯಿತು. ಅವರ ಮೊಮ್ಮಕ್ಕಳು ಇಂದು ಕನ್ನಡ ಶಾಲೆಯಲ್ಲಿದ್ದಾರೆ. ರಬ್ಬರಿನ ಹಾಲು ತೆಗೆಯುವ ಕೆಲಸ ಬೆಳಗಿನ ಜಾವದ್ದು. ಮಗು ಏಳುವ ಹೊತ್ತಿಗೆ ತಾಯಿ ಮರಗಳ ನಡುವೆ. ಆ ಮನೆಯಲ್ಲಿ ಮಗ್ಗಿ ಒಪ್ಪಿಸಿಕೊಳ್ಳುವವರು ಯಾರು? ಶಾಲೆ ‘ಚುರುಕಾದ ನಾಲ್ವರನ್ನು’ ಆರಿಸುವಾಗ ಅನೇಕ ಸಲ ಮಗುವಿನ ಬುದ್ಧಿಯನ್ನಲ್ಲ, ಮನೆಯ ಬಿಡುವನ್ನು ಅಳೆದಿರುತ್ತದೆ. ನವೋದಯದ 80 ಪ್ರಶ್ನೆಗಳಲ್ಲಿ 40 ಪ್ರಶ್ನೆಗಳು ಚಿತ್ರ ನೋಡಿ ಹೊಂದಿಸುವ, ಬೇರೆಯಾದುದನ್ನು ಗುರುತಿಸುವ ಮಾನಸಿಕ ಸಾಮರ್ಥ್ಯದವು. ಅಂಕಗಳಲ್ಲಿ ಅರ್ಧ ಅವುಗಳದೇ. ಕನ್ನಡ ಓದಿನಲ್ಲಿ ತಡವರಿಸುವ ಮಗುವೊಂದು ಅಲ್ಲಿ ಎಲ್ಲರನ್ನೂ ಮೀರಿಸಬಹುದು. ಆದರೆ ಅದನ್ನು ತರಗತಿಯೊಳಗೆ ಬಿಟ್ಟರೆ ತಾನೆ ತಿಳಿಯುವುದು?

ಇದೇ ಪ್ರಶ್ನೆಯಲ್ಲಿ ಇಂಗ್ಲೆಂಡ್ ದೇಶವೂ ಬಹುಕಾಲ ತೊಳಲಾಡಿದೆ. 1944ರ ಶಿಕ್ಷಣ ಕಾಯಿದೆಯ ಬಳಿಕ ಅಲ್ಲಿ ಹನ್ನೊಂದರ ವಯಸ್ಸಿನ ಸುಮಾರಿಗೆ ಒಂದು ಪರೀಕ್ಷೆ. ಗೆದ್ದವರು ಗ್ರಾಮರ್ ಶಾಲೆಗೆ, ಉಳಿದವರು ಬೇರೆ ಶಾಲೆಗೆ. ಅಷ್ಟು ಎಳೆಯ ವಯಸ್ಸಿನಲ್ಲಿ ಬಾಳಿನ ದಾರಿ ಕವಲೊಡೆಯುವುದು ಸರಿಯೇ ಎಂಬ ಕೂಗೆದ್ದು, 1965ರಲ್ಲಿ ಸರಕಾರವೇ ಎಲ್ಲರೂ ಕೂಡಿ ಕಲಿಯುವ ಶಾಲೆಗಳತ್ತ ತಿರುಗುವಂತೆ ಸ್ಥಳೀಯ ಸಂಸ್ಥೆಗಳಿಗೆ ಸೂಚಿಸಿತು. ಆದರೂ ಕೆಂಟ್‌ನಂತಹ ಕಡೆಗಳಲ್ಲಿ ಆ ಪರೀಕ್ಷೆ ಇಂದಿಗೂ ಉಳಿದಿದೆ, ವಾದವೂ ಉಳಿದಿದೆ.

ನಮ್ಮ ನಾಡಿನಲ್ಲಿಯೇ ಒಂದು ದಾರಿ ಇಲ್ಲದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಮೊಳೆತ ‘ನಲಿ-ಕಲಿ’ ಪದ್ಧತಿ ಮುಂದೆ ರಾಜ್ಯದ ಸರಕಾರಿ ಶಾಲೆಗಳ ಮೊದಲ ಮೂರು ತರಗತಿಗಳಿಗೆ ಹರಡಿತು. ಅಲ್ಲಿ ಕಲಿಕೆಗೆ ಮೆಟ್ಟಿಲುಗಳಿವೆ. ಪ್ರತಿ ಮಗುವೂ ತನ್ನ ವೇಗದಲ್ಲಿ ಏರುತ್ತದೆ. ಮುಂದೆ ಹೋದವನನ್ನು ತಡೆಯುವುದಿಲ್ಲ, ಹಿಂದುಳಿದವನನ್ನು ಹೊರಗಿಡುವುದಿಲ್ಲ. ಮೂರನೆಯ ತರಗತಿಯವರೆಗೆ ಸಾಧ್ಯವಾದುದು ಐದನೆಯದರಲ್ಲಿ ಏಕೆ ಆಗಬಾರದು?

ವಿಶೇಷ ತರಗತಿ ಇರಲಿ, ಅದರ ಬಾಗಿಲು ತೆರೆದಿರಲಿ. ಅದನ್ನು ಸಂಜೆಯಿಂದ ತೆಗೆದು ಮಧ್ಯಾಹ್ನದ ಬಿಸಿಯೂಟದ ಬಳಿಕ ಅರ್ಧ ಗಂಟೆ ಇಟ್ಟರೆ ಲೇಸು. ಮಳೆಗಾಲದಲ್ಲಿ ತೋಡು ದಾಟಿ ದೂರದ ಮನೆಗೆ ನಡೆಯಬೇಕಾದ ಹುಡುಗಿ ಸಂಜೆಯ ತರಗತಿಗೆ ನಿಲ್ಲಲಾರಳು. ಅವಳನ್ನು ಯಾರೂ ಹೊರಗೆ ಹಾಕದಿದ್ದರೂ ಅವಳು ಹೊರಗುಳಿಯುತ್ತಾಳೆ. ಮಧ್ಯಾಹ್ನವಾದರೆ ಎಲ್ಲರೂ ಅಲ್ಲಿಯೇ ಇರುತ್ತಾರೆ. ಮೊದಲ ತಿಂಗಳು ಎಲ್ಲರಿಗೂ ಒಂದೇ ಅಭ್ಯಾಸ. ಅನಂತರ ಬೇಗ ಕಲಿಯುವವರಿಗೆ ಕಠಿಣ ಲೆಕ್ಕ, ಉಳಿದವರಿಗೆ ಸರಳವಾದುದು. ಯಾರು ಯಾವಾಗ ಬೇಕಾದರೂ ಮೇಲಿನ ಗುಂಪಿಗೆ ಹೋಗುವಂತಿರಬೇಕು. ಉಪಾಧ್ಯಾಯರು ಕಡಿಮೆಯಿರುವಲ್ಲಿ ಊರಿನ ಓದಿದ ತರುಣತರುಣಿಯರು ವಾರಕ್ಕೆರಡು ದಿನ ನೆರವಾದರೆ, ಅದಕ್ಕಿಂತ ದೊಡ್ಡ ಊರಸೇವೆ ಯಾವುದು?

ನವೋದಯ ದೊರೆಯದ ಮಗುವಿನ ಶ್ರಮ ವ್ಯರ್ಥವಾಗುವುದೆಂಬ ಅಂಜಿಕೆಯೂ ಬೇಡ. 2008ರಲ್ಲಿ ಆರಂಭವಾದ ರಾಷ್ಟ್ರೀಯ ಪ್ರತಿಭಾ ವಿದ್ಯಾರ್ಥಿವೇತನಕ್ಕೆ ಸರಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಮಕ್ಕಳು ಪರೀಕ್ಷೆ ಬರೆಯಬಹುದು. ಗೆದ್ದವರಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ. ಐದನೆಯದರಲ್ಲಿ ಕಲಿತ ಅದೇ ಬಗೆಯ ಯೋಚನೆ ಅಲ್ಲಿಯೂ ಬೇಕು.

ಮುಡಿಪಿಗೆ ಹೋಗುವವರು ಊರಿಗೊಬ್ಬರೋ ಇಬ್ಬರೋ. ಆ ಭಾಗ್ಯ ಬಂದವರು ಹೋಗಿ ಬೆಳೆಯಲಿ. ಆದರೆ ಉಳಿದ ಮಕ್ಕಳು ಮರುದಿನವೂ ಅದೇ ಶಾಲೆಯ ಬಾಗಿಲಿಗೆ ಬರುತ್ತಾರೆ. ತಾವು ಆರಿಸಲ್ಪಡದವರು ಎಂಬ ಭಾವನೆಯನ್ನು ಹತ್ತನೆಯ ವಯಸ್ಸಿಗೇ ಹೊತ್ತುಕೊಂಡು ಅವರು ಬರಬಾರದು. ಜಗಲಿಯ ಮೇಲಿನ ತಂದೆಯೂ ತಾಯಿಯೂ ಇದೊಂದು ಮಾತಿನಲ್ಲಿ ಒಮ್ಮತಕ್ಕೆ ಬಂದರೆ, ಉಳಿದುದನ್ನು ಟೀಚರು ನೋಡಿಕೊಂಡಾರು.