ರಾಣಿ ಬಾಗಿನ ಲೆಕ್ಕದಲ್ಲಿ ಒಂದು ಸಂಸಾರ ಅಂದ್ರೆ ಎಷ್ಟು ಜನ?

ಮುಂಬಯಿಯ ಬೈಕುಲಾದಲ್ಲಿರುವ ಪ್ರಾಣಿಸಂಗ್ರಹಾಲಯಕ್ಕೆ ಕಾಗದದ ಮೇಲಿನ ಹೆಸರು ವೀರಮಾತಾ ಜೀಜಾಬಾಯಿ ಭೋಸಲೆ ಉದ್ಯಾನ. ಊರ ಬಾಯಲ್ಲಿ ಮಾತ್ರ ಅದು ಇವತ್ತಿಗೂ ರಾಣಿ ಬಾಗ್. ವಿಕ್ಟೋರಿಯಾ ಗಾರ್ಡನ್ಸ್ ಅಂತ 1860ರ ದಶಕದಲ್ಲಿ ಶುರುವಾಗಿದ್ದು. ರಾಣಿ ಹೋದಳು, ಅವಳ ಸಾಮ್ರಾಜ್ಯವೂ ಹೋಯಿತು, ಹೆಸರು ಮಾತ್ರ ಜನರ ನಾಲಿಗೆ ಬಿಟ್ಟು ಹೋಗಲಿಲ್ಲ :) ಊರಿಂದ ಮಕ್ಕಳು ಮರಿ ಕಟ್ಟಿಕೊಂಡು ನೆಂಟರು ಬಂದರೆ ಮುಂಬಯಿ ಕನ್ನಡಿಗರ ಹತ್ತಿರ ಸಿದ್ಧವಾಗಿರುವ ಪಟ್ಟಿ ಇಷ್ಟೇ: ಗೇಟ್‌ವೇ, ಚೌಪಾಟಿ, ರಾಣಿ ಬಾಗ್.

ಈ ಜಾಗದ ದೊಡ್ಡ ವಿಶೇಷ ಅಂದ್ರೆ ಇದು ನಗರಪಾಲಿಕೆಯದ್ದು. ಮೈಸೂರು ಮೃಗಾಲಯದ ಹಾಗೆ ರಾಜ್ಯದ ಪ್ರಾಧಿಕಾರ ನಡೆಸುವುದಲ್ಲ. ರಸ್ತೆ ಗುಡಿಸುವ, ನಲ್ಲಿಗೆ ನೀರು ಬಿಡುವ ಅದೇ ಪಾಲಿಕೆ ಇಲ್ಲಿ ಹುಲಿಗೂ ಊಟ ಹಾಕುತ್ತದೆ. ಹಾಗಾಗಿ ಇದರ ಟಿಕೆಟ್ಟಿನ ಬಗ್ಗೆ ಮಾತಾಡುವ ಹಕ್ಕು ಈ ಊರಲ್ಲಿರುವ ಎಲ್ಲರಿಗೂ ಇದೆ ಅಂತ ನನ್ನ ನಂಬಿಕೆ. ಅದಕ್ಕೇ ಈ ಕೊರೆತ, ಸ್ವಲ್ಪ ಸಹಿಸಿಕೊಳ್ಳಿ.

2017ರವರೆಗೆ ಇಲ್ಲಿ ದೊಡ್ಡವರಿಗೆ 5 ರೂಪಾಯಿ, ಮಕ್ಕಳಿಗೆ 2 ರೂಪಾಯಿ ಇತ್ತು. ಆ ವರ್ಷ ಪೆಂಗ್ವಿನ್‌ಗಳನ್ನು ಜನರಿಗೆ ತೋರಿಸಲು ಶುರುಮಾಡಿದ ಮೇಲೆ ದೊಡ್ಡವರಿಗೆ 50, ಮಕ್ಕಳಿಗೆ 25 ಆಯಿತು. ಒಂದೇ ಏಟಿಗೆ ಹತ್ತು ಪಟ್ಟು! ಗಲಾಟೆಯಾಯಿತು. ಇನ್ನೊಂದು ಟಿಕೆಟ್ ಕೂಡ ಇತ್ತು: ಫ್ಯಾಮಿಲಿ ಟಿಕೆಟ್. ಅಪ್ಪ, ಅಮ್ಮ, 15 ವರ್ಷದೊಳಗಿನ ಇಬ್ಬರು ಮಕ್ಕಳು, ಎಲ್ಲ ಸೇರಿ 100 ರೂಪಾಯಿ. ಬಿಡಿಬಿಡಿಯಾಗಿ ತಗೊಂಡ್ರೆ 150 ಆಗಬೇಕಿತ್ತು, 50 ಉಳಿಯಿತು. ಕೇಳೋಕೆ ಚೆನ್ನಾಗಿದೆ ಅಲ್ವಾ?

ಈಗ ನನ್ನ ಜೊತೆ ಸ್ವಲ್ಪ ಲೆಕ್ಕ ಹಾಕಿ.

ಗಂಡ ಡ್ಯೂಟಿಗೆ ಹೋಗಿದ್ದಾನೆ, ಅಥವಾ ಗಂಡನೇ ಇಲ್ಲ. ತಾಯಿಯೊಬ್ಬಳೇ ಇಬ್ಬರು ಮಕ್ಕಳನ್ನು ಕರಕೊಂಡು ಬಂದಳು. 50 + 25 + 25 = 100. ಅಂದ್ರೆ ಮೂರು ಜನಕ್ಕೂ ಅದೇ ನೂರು, ನಾಲ್ಕು ಜನಕ್ಕೂ ಅದೇ ನೂರು. ರಿಯಾಯಿತಿ ಸಿಕ್ಕಿದ್ದು ಗಂಡ ಜೊತೆಗಿದ್ದವಳಿಗೆ! ಅಕ್ಕನ ಮಕ್ಕಳನ್ನು ಕರೆತಂದ ಸೋದರಮಾವನಿಗೂ ಇದೇ ಕತೆ. ಮೂರನೇ ಮಗು ಇದ್ದರೆ ಅದು ಸಂಸಾರದಿಂದ ಹೊರಗೆ, ಅದಕ್ಕೆ ಬೇರೆ 25. ಇಬ್ಬರಲ್ಲಿ ಒಬ್ಬನಿಗೆ 16 ಆಗಿದ್ದರೆ ಆ ಮನೆ ಈ ಟಿಕೆಟ್ಟಿನ ಲೆಕ್ಕದಲ್ಲಿ ಸಂಸಾರವೇ ಅಲ್ಲ. 50ರಂತೆ ಮೂರು, 25ರದ್ದು ಒಂದು, ಒಟ್ಟು 175 ಬಿಚ್ಚಬೇಕು.

ಈ ಟಿಕೆಟ್ ಬರೆದವರ ಕಣ್ಣ ಮುಂದೆ ಇದ್ದದ್ದು ಗೋಡೆ ಮೇಲಿನ ಕುಟುಂಬ ಯೋಜನೆ ಜಾಹೀರಾತಿನ ಚಿತ್ರ ಅಂತ ಕಾಣುತ್ತೆ. ನಾವಿಬ್ಬರು, ನಮಗಿಬ್ಬರು. ಆದರೆ ಭಾನುವಾರ ರಾಣಿ ಬಾಗಿಗೆ ಬರುವ ಮಂದಿ ಆ ಚಿತ್ರದಲ್ಲಿ ಹಿಡಿಸುವುದಿಲ್ಲ. ಅತ್ತೆ, ನಾದಿನಿ, ಪಕ್ಕದ ಖೋಲಿಯ ಇಬ್ಬರು ಹುಡುಗರು, ಡಬ್ಬಿಯಲ್ಲಿ ಚಪಾತಿ, ಒಂದು ಹಳೇ ಬೆಡ್‌ಶೀಟು... ಹೀಗೆ ಬರುತ್ತಾರೆ ಜನ. ಬೈಕುಲಾ ಸ್ಟೇಷನ್‌ನಿಂದ ನಡೆದೇ ಬರಬಹುದು. ಲೋಕಲ್ ರೈಲಿನ ಸೆಕೆಂಡ್ ಕ್ಲಾಸಿನ ಕನಿಷ್ಠ ದರ 5 ರೂಪಾಯಿ, ಒಳಗೆ ಹೋಗಲು 50. ಬರುವ ಖರ್ಚಿನ ಹತ್ತು ಪಟ್ಟು ಗೇಟಿನಲ್ಲಿ ಕೊಡಬೇಕು.

"ಮಲ್ಟಿಪ್ಲೆಕ್ಸಿಗೆ 300 ಕೊಡ್ತೀರಿ, ಇದಕ್ಕೆ 50 ಕೊಡೋಕೆ ಅಳ್ತೀರಾ?" ಅಂತ ಕೇಳುವವರಿದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವೂ ಇದೆ. ಐದು ರೂಪಾಯಿಯ ಕಾಲದಲ್ಲಿ ಇಲ್ಲಿನ ಪಂಜರಗಳ ಸ್ಥಿತಿ ಹೆಮ್ಮೆಪಡುವ ಹಾಗಿರಲಿಲ್ಲ. ಈಗ ಒಳಗೇ ನಡೆದುಕೊಂಡು ಹೋಗಿ ಹಕ್ಕಿ ನೋಡುವ ದೊಡ್ಡ ಪಕ್ಷಿಧಾಮ ಇದೆ. ಹುಲಿಗೆ ಓಡಾಡಲು ಜಾಗ ಇದೆ, ಕಂಬಿಯ ಬದಲು ಗಾಜಿನ ಗೋಡೆ ಇದೆ. ಜನವೂ ಮುಗಿಬಿದ್ದು ಬರುತ್ತಾರೆ. 2023ರ ಜನವರಿ 1ರ ಭಾನುವಾರ ಒಂದೇ ದಿನ 30 ಸಾವಿರಕ್ಕೂ ಹೆಚ್ಚು ಮಂದಿ ಬಂದಿದ್ದರು. ದರ ಏರಿದ್ದಕ್ಕೆ ಜನ ಬರುವುದು ನಿಂತಿಲ್ಲ, ಒಪ್ಪುತ್ತೇನೆ. ಆದರೆ ಬಂದವರನ್ನು ಎಣಿಸಬಹುದು, ಗೇಟಿನಲ್ಲಿ ದರದ ಬೋರ್ಡು ಓದಿ ತಿರುಗಿ ಹೋದವರನ್ನು ಎಣಿಸುವವರು ಯಾರು?

ಇನ್ನು ಪೆಂಗ್ವಿನ್ ವಿಚಾರ. 2016ರಲ್ಲಿ ದಕ್ಷಿಣ ಕೊರಿಯಾದಿಂದ 8 ಹಂಬೋಲ್ಟ್ ಪೆಂಗ್ವಿನ್‌ಗಳು ಬಂದವು. ಒಂದು ಅದೇ ವರ್ಷ ತೀರಿಕೊಂಡಿತು. ಉಳಿದವು ಇಲ್ಲಿಗೆ ಒಗ್ಗಿಕೊಂಡು ಮರಿಗಳನ್ನೂ ಮಾಡಿದವು. ನೋಡಿಕೊಳ್ಳುವವರ ಶ್ರಮ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ 2021ರಲ್ಲಿ ಮೂರು ವರ್ಷದ ನಿರ್ವಹಣೆಗೆ ಅಂತ ಕರೆದ ಟೆಂಡರ್ 15 ಕೋಟಿ ರೂಪಾಯಿಗೂ ಮೇಲಿನದ್ದು. ವರ್ಷಕ್ಕೆ ಸುಮಾರು 5 ಕೋಟಿ. 50ರಿಂದ ಭಾಗಿಸಿ ನೋಡಿ: ಹತ್ತು ಲಕ್ಷ ದೊಡ್ಡವರ ಟಿಕೆಟ್ಟು! ಹೊರಗೆ ಮುಂಬಯಿಯ ಸೆಕೆ, ಒಳಗೆ ಹಕ್ಕಿಗಳಿಗಾಗಿ ದಿನದ 24 ಗಂಟೆ ಎಸಿ.

ತಮಾಷೆ ಏನಂದ್ರೆ, ಹಂಬೋಲ್ಟ್ ಪೆಂಗ್ವಿನ್ ಹಿಮದ ಹಕ್ಕಿಯೇ ಅಲ್ಲ. ಅದು ಪೆರು ಮತ್ತು ಚಿಲಿ ದೇಶಗಳ ಕಡಲತೀರದ್ದು. ಅಲ್ಲಿನ ನೆಲ ಒಣ ಮರುಭೂಮಿ, ಕಡಲಲ್ಲಿ ಮಾತ್ರ ತಣ್ಣನೆಯ ಪ್ರವಾಹ. ಆ ಪ್ರವಾಹದ ಹೆಸರೇ ಹಂಬೋಲ್ಟ್, ಹಕ್ಕಿಗೆ ಹೆಸರು ಬಂದದ್ದೂ ಅಲ್ಲಿಂದಲೇ. ಇಷ್ಟು ಗೊತ್ತಾದರೆ ಮಗು ಮನೆಗೆ ಹೋಗಿ ಭೂಪಟ ಬಿಚ್ಚುತ್ತದೆ. ಗೊತ್ತಾಗದಿದ್ದರೆ "ಐಸಿನ ಹಕ್ಕಿ ನೋಡಿದೆ" ಅನ್ನುತ್ತದೆ, ಅಷ್ಟೇ. ಕೋಟಿ ಖರ್ಚು ಮಾಡಿದ ಮೇಲೆ ಆ ಎರಡು ಸಾಲು ಮಗುವಿನ ಕಿವಿಗೆ ಬೀಳದಿದ್ದರೆ ಏನು ಬಂತು?

ಇದಕ್ಕಿಂತ ದೊಡ್ಡ ಆಸ್ತಿ ಆ ಕಾಂಪೌಂಡಿನಲ್ಲೇ ಇದೆ, ಅದೂ ಎಸಿ ಇಲ್ಲದೆ. ಮರಗಳು! ರಾಣಿ ಬಾಗ್ ಮೊದಲು ಸಸ್ಯೋದ್ಯಾನ, ಪ್ರಾಣಿಗಳು ಬಂದದ್ದು ಆಮೇಲೆ. ಸುಮಾರು 50 ಎಕರೆ, ಸಾವಿರಾರು ಮರ, ಆಫ್ರಿಕಾ ಮೂಲದ ದಪ್ಪ ಹೊಟ್ಟೆಯ ಬಾವೊಬಾಬ್ ಕೂಡ ಇದೆ. 2007ರ ಹೊತ್ತಿಗೆ "ಅಂತರರಾಷ್ಟ್ರೀಯ ಮಟ್ಟದ" ಮೃಗಾಲಯದ ಯೋಜನೆ ಬಂದಾಗ ಈ ಮರಗಳಿಗೆ ಕುತ್ತು ಬರುತ್ತದೆ ಅಂತ ಊರಿನ ಕೆಲವು ಮಹಿಳೆಯರು ಮುಂದೆ ನಿಂತು ವರ್ಷಗಟ್ಟಲೆ ಹೋರಾಡಿದರು. ಅವರು ಸುಮ್ಮನಿದ್ದಿದ್ದರೆ ಇವತ್ತು ಪೆಂಗ್ವಿನ್ ಕ್ಯೂನಲ್ಲಿ ನಿಂತವರ ತಲೆ ಮೇಲೆ ಎಷ್ಟು ನೆರಳು ಉಳಿದಿರುತ್ತಿತ್ತೋ. ಸಿಮೆಂಟಿನ ಈ ಊರಲ್ಲಿ ಮಧ್ಯಾಹ್ನ ಎರಡು ಗಂಟೆ ಮರದಡಿ ಕೂರುವುದೂ ಒಂದು ಸೌಲಭ್ಯವೇ ಸ್ವಾಮಿ.

ಮೈಸೂರಿನವರು ಕೇಳಬಹುದು, ಟಿಕೆಟ್ ಇಲ್ಲದೆ ಮೃಗಾಲಯ ನಡೆಯುತ್ತದಾ ಅಂತ. ನಮ್ಮ ಮೈಸೂರು ಮೃಗಾಲಯ ಬಹುಮಟ್ಟಿಗೆ ಗೇಟಿನ ದುಡ್ಡಿನಲ್ಲೇ ಬದುಕುತ್ತದೆ, ನಿಜ. 2020ರಲ್ಲಿ ಲಾಕ್‌ಡೌನ್ ಆಗಿ ಆ ದುಡ್ಡು ನಿಂತಾಗ ಜನ ಪ್ರಾಣಿಗಳನ್ನು ದತ್ತು ತಗೊಂಡು, ದೇಣಿಗೆ ಕೊಟ್ಟು ಕೈಹಿಡಿದರು. ಅಲ್ಲಿ ದರ ಏರಿಸಿದರೆ ಒಂದು ಕಾರಣ ಇರುತ್ತದೆ. ಆದರೆ ಮುಂಬಯಿ ಪಾಲಿಕೆಯ 2025-26ರ ಬಜೆಟ್ 74 ಸಾವಿರ ಕೋಟಿ ರೂಪಾಯಿ ದಾಟಿದೆ. ಅಷ್ಟು ದೊಡ್ಡ ಹಂಡೆಗೆ ಆ ತಾಯಿಯ 50 ರೂಪಾಯಿ ಎಷ್ಟನೇ ಹನಿ?

ಟಿಕೆಟ್ ಕಿತ್ತುಹಾಕಿ ಅಂತ ನಾನು ಹೇಳುತ್ತಿಲ್ಲ. ನನ್ನ ಬೇಡಿಕೆ ಸಣ್ಣದು.

ಒಂದು, ಫ್ಯಾಮಿಲಿ ಟಿಕೆಟ್ಟಿನಲ್ಲಿ ದೊಡ್ಡವರು ಒಬ್ಬರೋ ಇಬ್ಬರೋ, ತಾಯಿಯೋ ಮಾವನೋ ಅಂತ ಕೇಳಬೇಡಿ. ಜೊತೆಗೆ ಬಂದ ಮಕ್ಕಳನ್ನೆಲ್ಲ ಒಳಗೆ ಬಿಡಿ. ಒಬ್ಬರೇ ದೊಡ್ಡವರಾದರೆ 50ಕ್ಕೆ ಮುಗಿಸಿ.

ಎರಡು, ವಾರದಲ್ಲಿ ಜನ ಕಡಿಮೆ ಇರುವ ಒಂದು ದಿನ ಹಳೆಯ ಐದು ರೂಪಾಯಿ ದರ ಇಡಿ. ಬುಧವಾರ ಹೇಗೂ ರಜೆ, ಗುರುವಾರವೇ ಆಗಲಿ.

ಮೂರು, ಇನ್ನೊಂದು ವಿದೇಶಿ ಪ್ರಾಣಿಯ ಮಾತು ಎತ್ತುವ ಮೊದಲು ಕುಡಿಯುವ ನೀರು, ಶೌಚಾಲಯ, ಕೂರುವ ಬೆಂಚು, ಮರಮರಕ್ಕೂ ಹೆಸರಿನ ಫಲಕ, ಇವುಗಳ ಲೆಕ್ಕ ಒಪ್ಪಿಸಿ.

ಮೃಗಾಲಯದಲ್ಲಿ ಪ್ರಾಣಿಗಳನ್ನು ಜಾತಿವಾರು ವಿಂಗಡಿಸಿ ಇಡುವುದು ಸರಿ. ನೋಡಲು ಬರುವ ಸಂಸಾರಗಳನ್ನೂ ವಿಂಗಡಿಸುವುದು ಯಾಕೆ?

ನಿಮ್ಮೂರಿನ ಪಾರ್ಕಿನ ಬೋರ್ಡಿನಲ್ಲಿ "ಕುಟುಂಬ" ಅಂದ್ರೆ ಎಷ್ಟು ಜನ ಅಂತ ಬರೆದಿದ್ದಾರೆ? ಮುಂದಿನ ಸಲ ಹೋದಾಗ ನೋಡಿ ಬನ್ನಿ, ನಿಮ್ಮ ಕಡೆಯ ಲೆಕ್ಕವನ್ನೂ ಬರೆಯಿರಿ.