‘ಅಮ್ಮಂದಿರೆಲ್ಲ ಎದ್ದು ನಿಲ್ಲಿ’ ಎಂದಾಗ...

ಮೇ ತಿಂಗಳ ಎರಡನೇ ಭಾನುವಾರ ನಮ್ಮ ಅನೇಕ ಚರ್ಚುಗಳಲ್ಲಿ ಒಂದು ರೂಢಿ. ಆರಾಧನೆ ಮುಗಿಯುವ ಹೊತ್ತಿಗೆ ‘ಅಮ್ಮಂದಿರೆಲ್ಲ ಎದ್ದು ನಿಲ್ಲಿ’ ಅಂತಾರೆ. ಮಕ್ಕಳು ಬಂದು ಒಂದೊಂದು ಗುಲಾಬಿ ಕೊಡ್ತಾರೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಒಳ್ಳೆಯದೇ. ಆದರೆ ಆಗ ಕೂತೇ ಇರುವವರ ಕಡೆ ಯಾವತ್ತಾದರೂ ನೋಡಿದ್ದೀರಾ? ಮದುವೆಯಾಗಿ ಎಂಟು ವರ್ಷವಾದರೂ ಮಡಿಲು ತುಂಬದವಳು ಅಲ್ಲಿರುತ್ತಾಳೆ. ಹೋದ ತಿಂಗಳಷ್ಟೇ ಗರ್ಭ ಕಳೆದುಕೊಂಡವಳಿಗೆ ತಾನು ಎದ್ದು ನಿಲ್ಲಬೇಕೋ ಬೇಡವೋ ಅಂತಲೇ ಗೊತ್ತಾಗುವುದಿಲ್ಲ. ಎದ್ದು ನಿಂತವರಲ್ಲೂ ಒಬ್ಬಳು, ಎರಡು ತಿಂಗಳ ಕೂಸನ್ನು ಹೆಗಲಿಗೆ ಹಾಕಿಕೊಂಡು, ‘ನನಗ್ಯಾಕೆ ಖುಷಿಯೇ ಆಗ್ತಿಲ್ಲ?’ ಅಂತ ಒಳಗೊಳಗೇ ಹೆದರಿರಬಹುದು.

ಈ ದಿನ ಹುಟ್ಟಿದ್ದು ಹೇಗೆ ಅಂತ ನೆನಪಿಸಿಕೊಳ್ಳಿ. 1908ರ ಮೇ 10ರಂದು ಅಮೆರಿಕದ ಗ್ರಾಫ್ಟನ್ ಎಂಬ ಊರಿನ ಮೆಥಡಿಸ್ಟ್ ಚರ್ಚಿನಲ್ಲಿ ಮೊದಲ ತಾಯಂದಿರ ದಿನದ ಆರಾಧನೆ ನಡೆಯಿತು. ನಡೆಸುವಂತೆ ಮಾಡಿದ ಆ್ಯನಾ ಜಾರ್ವಿಸ್ ಮದುವೆಯಾದವಳಲ್ಲ, ಆಕೆಗೆ ಮಕ್ಕಳಿರಲಿಲ್ಲ. ಯಾರ ನೆನಪಿಗಾಗಿ ಇದನ್ನು ಮಾಡಿದಳೋ ಆ ತಾಯಿ ಹತ್ತಕ್ಕೂ ಹೆಚ್ಚು ಮಕ್ಕಳನ್ನು ಹೆತ್ತಿದ್ದರೂ ದೊಡ್ಡವರಾಗುವ ತನಕ ಉಳಿದದ್ದು ನಾಲ್ವರೇ. ಅಂದರೆ ಇದು ಮಕ್ಕಳಿಲ್ಲದ ಮಗಳೊಬ್ಬಳು, ಮಕ್ಕಳನ್ನು ಮಣ್ಣಿಗಿಟ್ಟ ತಾಯಿಗಾಗಿ ಹುಟ್ಟುಹಾಕಿದ ದಿನ. (ಹೂವಿನ ವ್ಯಾಪಾರಿಗಳೂ ಕಾರ್ಡಿನ ಕಂಪನಿಗಳೂ ಇದಕ್ಕೆ ಕೈ ಹಾಕಿದಾಗ ಆಕೆ ಅವರ ವಿರುದ್ಧ ಜಗಳಕ್ಕೇ ನಿಂತಳು. ಅದು ಬೇರೆ ಕಥೆ.)

ನನ್ನ ತಕರಾರು ಗುಲಾಬಿಯ ಮೇಲಲ್ಲ. ತಾಯ್ತನ ಅಂದ್ರೆ ಬರೀ ಆನಂದ, ಬರೀ ವರ ಅನ್ನುವ ಒಂದೇ ರಾಗದ ಮೇಲೆ. ಬೈಬಲ್ಲಿನಲ್ಲಿ ಆ ಒಂದೇ ರಾಗ ಇಲ್ಲವೇ ಇಲ್ಲ.

ಮಂಗಳೂರಿನ ಕಡೆ ಸೆಪ್ಟೆಂಬರ್ 8ಕ್ಕೆ ಮೊಂತಿ ಹಬ್ಬ. ಒಂಬತ್ತು ದಿನ ಮಕ್ಕಳು ಮರಿಯಮ್ಮನವರಿಗೆ ಹೂ ಅರ್ಪಿಸುತ್ತಾರೆ, ಮನೆಗೆ ಹೊಸ ತೆನೆ ಬರುತ್ತದೆ. ಬೆಂಗಳೂರಿನ ಶಿವಾಜಿನಗರದಲ್ಲಿ ಅದೇ ದಿನ ಕಾವಿ ಸೀರೆಯುಟ್ಟ ಹೆಂಗಸರ ಜಾತ್ರೆ. ಸರಿಯಾಗಿ ಒಂದು ವಾರಕ್ಕೆ, ಸೆಪ್ಟೆಂಬರ್ 15ಕ್ಕೆ, ವ್ಯಾಕುಲ ಮಾತೆಯ ದಿನ. ಅದು ಎಷ್ಟು ಜನಕ್ಕೆ ನೆನಪಿರುತ್ತದೆ ಹೇಳಿ? ನಲವತ್ತು ದಿನದ ಕೂಸನ್ನೆತ್ತಿಕೊಂಡು ದೇವಾಲಯಕ್ಕೆ ಬಂದ ಬಾಣಂತಿಗೆ ಮುದುಕ ಸಿಮೆಯೋನ, ನಿನ್ನ ಜೀವಕ್ಕೂ ಅಲಗು ಹಾಯುತ್ತದೆ ಎಂಬರ್ಥದ ಮಾತು ಹೇಳಿದ. ಹನ್ನೆರಡು ವರ್ಷದ ಮಗ ಕಾಣದೆ ಹೋದಾಗ ಆಕೆ ಹುಡುಕಿ ಹುಡುಕಿ, ಮೂರನೇ ದಿನಕ್ಕೆ ಸಿಕ್ಕಾಗ ಗದರಿಯೂ ಇದ್ದಾಳೆ. ಮರಿಯಮ್ಮನೇ ಕಂಗೆಟ್ಟಿದ್ದಳು, ರೇಗಿದ್ದಳು. ನಿಮಗೆ ಮಾತ್ರ ಸದಾ ನಗುಮುಖದಿಂದ ಇರಬೇಕು ಅಂತ ಯಾರು ಹೇಳಿದ್ದು?

ಹನ್ನಳ ಕಥೆಯನ್ನಂತೂ ಇನ್ನೊಮ್ಮೆ ಓದಿ. ಸಮುವೇಲನ ಮೊದಲ ಪುಸ್ತಕದ ಮೊದಲನೇ ಅಧ್ಯಾಯ. ಮಕ್ಕಳಿಲ್ಲದ ಅವಳನ್ನು ಸವತಿ ಪೆನಿನ್ನ ವರ್ಷ ವರ್ಷವೂ ಕೆಣಕುತ್ತಾಳೆ. ಗಂಡ ಎಲ್ಕಾನ ಒಳ್ಳೆಯವನೇ. ಆದರೆ ಅವಳು ಊಟ ಬಿಟ್ಟು ಅಳುವಾಗ, ಹತ್ತು ಗಂಡುಮಕ್ಕಳಿಗಿಂತ ನಾನೇ ಹೆಚ್ಚಲ್ಲವೇ ಅಂತ ಕೇಳುತ್ತಾನೆ. ಅವಳ ದುಃಖದ ಮಧ್ಯೆಯೂ ತನ್ನದೇ ಲೆಕ್ಕ! ಇನ್ನು ಯಾಜಕ ಏಲಿ. ಸದ್ದಿಲ್ಲದೆ ತುಟಿ ಅಲ್ಲಾಡಿಸಿ ಪ್ರಾರ್ಥಿಸುವವಳನ್ನು ಕಂಡು ಕುಡಿದು ಬಂದಿದ್ದಾಳೆ ಅಂತ ಬೈಯುತ್ತಾನೆ. ಈ ಮೂವರೂ ಇವತ್ತಿಗೂ ನಮ್ಮ ಸಭೆಗಳಲ್ಲಿ ಇದ್ದಾರೆ. ‘ಏನಮ್ಮಾ, ಇನ್ನೂ ಇಲ್ವಾ ವಿಶೇಷ?’ ಅನ್ನುವವರು, ‘ನಾನಿಲ್ವಾ ನಿಂಗೆ?’ ಅನ್ನುವವರು, ‘ವಿಶ್ವಾಸ ಸಾಲದು’ ಅನ್ನುವವರು. ಹನ್ನ ಸುಮ್ಮನಿರಲಿಲ್ಲ. ಕುಡಿದಿಲ್ಲ ಸ್ವಾಮಿ, ಮನನೊಂದವಳು ಅಂತ ನೇರವಾಗಿ ಹೇಳಿದಳು. ಆಮೇಲೆ ಹರಸಿದ್ದೂ ಆ ಏಲಿಯೇ. ಮಗ ಹುಟ್ಟಿ, ಮೊಲೆ ಬಿಟ್ಟ ಮೇಲೆ ಹರಕೆಯಂತೆ ಅವನನ್ನು ಶೀಲೋವಿನಲ್ಲಿ ಬಿಟ್ಟು ಬಂದಳು. ವರ್ಷಕ್ಕೊಂದು ಪುಟ್ಟ ಅಂಗಿ ಹೊಲಿದು ತರುತ್ತಿದ್ದಳಂತೆ. ಕಣ್ಣೆದುರಿಲ್ಲದ ಮಗನ ಅಳತೆಯನ್ನು ಹೇಗೆ ಅಂದಾಜು ಮಾಡುತ್ತಿದ್ದಳೋ!

ಹುಟ್ಟುವ ಮೊದಲೇ, ಹುಟ್ಟಿದೊಡನೆಯೇ ಹೋದ ಮಕ್ಕಳ ವಿಷಯ ಇನ್ನೂ ಕಷ್ಟ. ಜ್ಞಾನಸ್ನಾನವಾಗದ ಕೂಸು ಸ್ವರ್ಗ ಕಾಣದೆ ‘ಲಿಂಬೊ’ದಲ್ಲಿ ಉಳಿಯುತ್ತದೆ ಅಂತ ಹಿರಿಯರು ಹೇಳಿದ್ದನ್ನು ನಂಬಿ ಕೊರಗುವ ಕಥೋಲಿಕ ತಾಯಂದಿರು ಈಗಲೂ ಇದ್ದಾರೆ. ದಯವಿಟ್ಟು ಕೇಳಿ: 1992ರ ಧರ್ಮೋಪದೇಶ ಗ್ರಂಥವೇ ಅಂಥ ಮಕ್ಕಳನ್ನು ದೇವರ ಕರುಣೆಗೆ ಒಪ್ಪಿಸುತ್ತದೆ. 2007ರಲ್ಲಿ ವ್ಯಾಟಿಕನ್ನಿನ ದೇವಶಾಸ್ತ್ರ ಆಯೋಗವೂ ಅವರಿಗೆ ರಕ್ಷಣೆಯಿದೆ ಎಂದು ಭರವಸೆಯಿಡಲು ಗಟ್ಟಿ ಕಾರಣಗಳಿವೆ ಎಂದಿತು. ತಂದೆತಾಯಿಗೆ ಜ್ಞಾನಸ್ನಾನ ಮಾಡಿಸುವ ಮನಸ್ಸಿತ್ತು ಅಂದರೆ, ಧರ್ಮಾಧ್ಯಕ್ಷರ ಅನುಮತಿಯಿಂದ ಕೂಸಿಗೆ ಚರ್ಚಿನ ಅಂತ್ಯಸಂಸ್ಕಾರ ಮಾಡಿಸಲು 1983ರ ಸಭಾಕಾನೂನಿನಲ್ಲೇ ಅವಕಾಶ ಇದೆ. ಫಾದರ್ ಹತ್ತಿರ ಕೇಳಿ. ಕೇಳೋದಕ್ಕೆ ನಾಚಿಕೆ ಬೇಡ.

ಇನ್ನು ಹೆತ್ತೂ ಖುಷಿಯಿಲ್ಲದವರು. ಹೆರಿಗೆಯಾದ ಮೊದಲ ದಿನಗಳಲ್ಲಿ ಸುಮ್ಮಸುಮ್ಮನೆ ಅಳು ಬರುವುದು, ರೇಗುವುದು ಬಹಳ ಬಾಣಂತಿಯರಿಗೆ ಆಗುತ್ತದೆ, ಸಾಮಾನ್ಯವಾಗಿ ಎರಡು ವಾರದೊಳಗೆ ಹೋಗುತ್ತದೆ. ಹೋಗಲಿಲ್ಲ, ಮಗು ಮಲಗಿದರೂ ನಿದ್ದೆ ಬರೋದಿಲ್ಲ, ಮಗುವನ್ನು ಕಂಡರೆ ಏನೂ ಅನಿಸೋದಿಲ್ಲ ಅಂದರೆ ಅದು ಕಾಯಿಲೆ. ಭಕ್ತಿ ಕಡಿಮೆಯಾದದ್ದಲ್ಲ, ಸೈತಾನನ ಕಾಟವೂ ಅಲ್ಲ. ಜಪಸರ ಹಿಡಿಯಿರಿ, ಬೇಡ ಅನ್ನೋದಿಲ್ಲ. ಜೊತೆಗೆ ಡಾಕ್ಟರನ್ನೂ ನೋಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಾರ್ಡ್ 2009ರಿಂದಲೂ ಇದೆ. ಮನೆಯಿಂದಲೇ ಮಾತಾಡಬೇಕಾದರೆ ಟೆಲಿ-ಮಾನಸ್, ನಂಬರ್ 14416, ಕನ್ನಡದಲ್ಲೇ ಮಾತಾಡಬಹುದು. ತನಗೋ ಮಗುವಿಗೋ ಏನಾದರೂ ಮಾಡಿಬಿಡುವ ಯೋಚನೆ ಬಂದರೆ ನಾಳೆ ಅನ್ನಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಚರ್ಚಿನ ಮಹಿಳಾ ಕೂಟದವರಿಗೊಂದು ಮಾತು. ಬರುವ ಮೇ ತಿಂಗಳಲ್ಲಿ ಯಾರನ್ನೂ ಎದ್ದು ನಿಲ್ಲಿಸಬೇಡಿ. ಹೂ ಕೊಡೋದಾದ್ರೆ ಬಾಗಿಲಲ್ಲಿ ನಿಂತು ಎಲ್ಲ ಹೆಂಗಸರಿಗೂ ಕೊಡಿ. ಪ್ರಾರ್ಥನೆಯಲ್ಲಿ ಮಕ್ಕಳನ್ನು ಕಳೆದುಕೊಂಡವರಿಗೂ ಕಾಯುತ್ತಿರುವವರಿಗೂ ಒಂದು ಸಾಲು ಸೇರಿಸಿ. ಬಾಣಂತಿಯನ್ನು ನೋಡಲು ಹೋದಾಗ ಮಗು ಯಾರ ಹೋಲಿಕೆ ಅನ್ನುವ ಚರ್ಚೆ ಮಾಡೋ ಬದಲು, ಕೂಸನ್ನು ಎತ್ತಿಕೊಂಡು ‘ನೀನು ಎರಡು ಗಂಟೆ ಮಲಕ್ಕೋಮ್ಮ’ ಅನ್ನಿ.